ಹಾಕಿದ ಎಲೆ ಎತ್ತಬಾರದು

ನಮ್ಮೂರ ರಂಗಮಂದಿರದ ಬಲಗಡೆಯ ಗೋಡೆಯಲ್ಲಿ ಒಂದು ಕಲ್ಲಿದೆ. ಮೇಲೆ ಉದ್ಘಾಟನೆ ಮಾಡಿದವರ ಹೆಸರು, ಅದರ ಕೆಳಗೆ ಅಧ್ಯಕ್ಷತೆ ವಹಿಸಿದವರ ಹೆಸರು, ಅದರ ಕೆಳಗೆ ಸುಮ್ಮನೆ ಬಂದು ಕುರ್ಚಿಯಲ್ಲಿ ಕುಳಿತವರ ಹೆಸರು. ಎಲ್ಲರದೂ ಮುಗಿದ ಮೇಲೆ ಉಳಿದ ಚೂರು ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ, ‘ಸಾರ್ವಜನಿಕರ ಶ್ರಮದಾನದಿಂದ’ ಎಂದು ಕೆತ್ತಿದ್ದಾರೆ. ಆ ಕೊನೆಯ ಸಾಲು ಕಣ್ಣಿಗೆ ಬಿದ್ದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ತವರಿಗೆ ಹೋದಾಗ ನಾನು ಆ ಗೋಡೆಯ ಮುಂದೆ ಹಾಯುವುದಿಲ್ಲ. ಹಿಂದಿನ ಸಂದಿಯಲ್ಲಿ ಸುತ್ತು ಹಾಕಿ ಮನೆ ಸೇರುತ್ತೇನೆ. ಆ ಸಂದಿಯಲ್ಲಿ ತಿಪ್ಪೆ ಇದೆ, ಜಾಲಿಮುಳ್ಳಿದೆ. ಆದರೂ ವಾಸಿ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಆದ ಹೊಸತು ಅದು. ನಮ್ಮದು ಹೊಸದುರ್ಗ ತಾಲ್ಲೂಕು. ಶ್ರೀರಾಂಪುರದ ಬಸ್ಸಿಳಿದು ಸ್ವಲ್ಪ ದೂರ ನಡೆಯಬೇಕು. ನಾನು ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದೆ. ಓದಿದ ಹುಡುಗಿ ಎಂದು ಒಂದು ಕೊಂಬು ಬೇರೆ ಮೂಡಿತ್ತು. ಬಾಯಿಯಂತೂ ಹುಟ್ಟಿದಾಗಿಂದಲೂ ಜೋರು. ಅಪ್ಪ ಪಂಚಾಯ್ತಿ ಮೆಂಬರು. ಅಕ್ಕನನ್ನು ಹಳ್ಳದಾಚೆಯ ಚಿಕ್ಕ ಊರಿಗೆ ಕೊಟ್ಟಿದ್ದೆವು. ಎರಡೂ ಊರು ಒಂದೇ ಪಂಚಾಯ್ತಿಗೆ ಸೇರಿದ್ದವು. ಎರಡೂ ಕಡೆ ಕುರಿ ಸಾಕುವವರೇ, ರಾಗಿ ಬೆಳೆಯುವವರೇ, ಹೆಣ್ಣು ಕೊಟ್ಟು ತಂದು ಮಾಡಿದವರೇ. ಆದರೆ ನಮ್ಮೂರಿನಲ್ಲಿ ಸ್ಕೂಲಿತ್ತು, ಸೊಸೈಟಿ ಇತ್ತು, ಪಂಚಾಯ್ತಿ ಕಚೇರಿ ಇತ್ತು. ಅದಕ್ಕೇ ನಾವು ಒಂದು ಕೈ ಮೇಲು ಎಂದು ನಮ್ಮ ನಂಬಿಕೆ.

ಅಕ್ಕನ ಊರಿನಲ್ಲಿ ಇದ್ದದ್ದು ಡೊಳ್ಳು. ಅವರು ಡೊಳ್ಳು ಹೊಡೆದರೆ ಹಳ್ಳದ ಈಚೆಗೆ ನಮ್ಮ ಮನೆಯ ಗಂಗಾಳ ಗುಂಯ್ ಎನ್ನುತ್ತಿತ್ತು. ಅಕ್ಕನ ಮಾವನೇ ಆ ಮೇಳಕ್ಕೆ ಹಿರಿಯರು. ಉದ್ದನೆಯ ಆಳು, ಹೆಗಲ ಮೇಲೆ ಸದಾ ಕರಿ ಕಂಬಳಿ, ಮಾತು ಕಡಿಮೆ. ಹೆಂಗಸರದು ಬೇರೆ ಸಂಪತ್ತು: ಒಬ್ಬಳು ಪದ ಎತ್ತಿದರೆ ಇಡೀ ಬೀದಿ ಹಿಂದೆ ಹಾಡುತ್ತಿತ್ತು.

ನಮ್ಮೂರಿಗೆ ನಾಟಕದ ಹುಚ್ಚು. ಸುಗ್ಗಿ ಮುಗಿದ ಮೇಲೆ ಹಿರಿಯೂರಿನಿಂದ ಹಾರ್ಮೋನಿಯಂ ಮೇಷ್ಟ್ರು ಬರಬೇಕು, ಚಿತ್ರದುರ್ಗದಿಂದ ಬಾಡಿಗೆ ಪರದೆ ಬರಬೇಕು. ಸ್ಟೇಜು ಎಂದರೆ ಎತ್ತಿನ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಹಾಸಿದ ಹಲಗೆ. ಒಂದು ವರ್ಷ ರಾಜಪಾರ್ಟಿನವನು ಸಿಂಹಾಸನದಿಂದೆದ್ದು ಘರ್ಜಿಸಲು ಕಾಲು ಅಪ್ಪಳಿಸಿದ್ದೇ ತಡ, ಹಲಗೆ ಮುರಿದು ಸೊಂಟದ ತನಕ ಕೆಳಗಿಳಿದ. ಆಸಾಮಿ ಅಲ್ಲಿಂದಲೇ ಉಳಿದ ಪದ್ಯ ಹಾಡಿ ಮುಗಿಸಿದ. ಜನ ಒನ್ಸ್ ಮೋರ್ ಎಂದರು. ಈ ರಾಜಪಾರ್ಟಿನವನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ.

ಹೀಗಿರುವಾಗ ತಾಲ್ಲೂಕು ಬೋರ್ಡಿನವರು, ಹಳ್ಳಿಗಳಲ್ಲಿ ಕಲೆ, ಸಂಸ್ಕೃತಿ ಬೆಳೆಯಲಿ ಎಂದು ನಮ್ಮ ಪಂಚಾಯ್ತಿಗೆ ಬಯಲು ರಂಗಮಂದಿರ ಮಂಜೂರು ಮಾಡಿದರು. ಸಿಮೆಂಟು, ತಗಡು, ಮೇಸ್ತ್ರಿ ಅವರದು. ಕಲ್ಲು, ಮರಳು, ಆಳು ನಮ್ಮದು. ಈ ವರ್ಷ ಒಂದು ಊರಿಗೆ, ಬರುವ ವರ್ಷ ಇನ್ನೊಂದಕ್ಕೆ. ಯಾರಿಗೆ ಮೊದಲು ಎಂದು ತೀರ್ಮಾನಿಸಲು ಪಂಚಾಯ್ತಿ ಕಚೇರಿಯಲ್ಲಿ ಸಭೆ ಸೇರಿತು. ನಾನು ಹೆಂಗಸರ ಜೊತೆ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದೆ. ನಮ್ಮೂರವರು ಒಬ್ಬರ ಮೇಲೊಬ್ಬರು ಬಿದ್ದು ಕೂಗಾಡಿದರು. ಕೊನೆಗೆ ಅಕ್ಕನ ಮಾವ ಎದ್ದು ನಿಂತರು.

“ಸ್ಟೇಜು ನಮಗೂ ಬೇಕು ಕಣ್ರಿ ಬೀಗ್ರೆ. ಮೇಳ ಕಟ್ಟಿದ್ರೆ ನೋಡಾಕೆ ಬಂದೋರು ಒಬ್ರ ಹೆಗಲ ಮ್ಯಾಲೆ ಒಬ್ರು ಹತ್ತಿ ನೋಡ್ತಾರೆ. ಆದ್ರೆ ನಿಮ್ಮ ರಾಜ ಇನ್ನೊಂದ್ಸಲ ಗಾಡ್ಯಾಗೆ ಬಿದ್ದು ಸೊಂಟ ಮುರ್ಕಂಡಾನು. ಮೊದ್ಲು ನಿಮ್ದೇ ಆಗ್ಲಿ.”

ಎಲ್ಲರೂ ನಕ್ಕರು. ಅಪ್ಪ ಎದ್ದು ನಿಂತ. “ಹಂಗಾದ್ರೆ ಮುಯ್ಯಿ ಅಂತ ಮಾಡಾಣ. ಈ ವರ್ಷ ನೀವು ನಮ್ಮೂರಿಗೆ ಬರ್ರಿ. ಬರೋ ವರ್ಷ ಮನೆಗೊಂದಾಳು ನಿಮ್ಮೂರಾಗಿರ್ತೈತೆ. ಇದು ನನ್ನ ಮಾತು” ಎಂದು ಎಲೆ ಅಡಿಕೆ ಎತ್ತಿ ಅಕ್ಕನ ಮಾವನ ಕೈಗಿಟ್ಟ. ಛೇರ್ಮನ್ನರೂ ತಲೆಯಾಡಿಸಿದರು. ನಮ್ಮೂರವರೆಲ್ಲ “ಸರಿ ಸರಿ” ಎಂದರು. ಸಿಗುವುದು ತಮಗೆ ಮೊದಲು ಎಂದಾಗ ಯಾರು ಬೇಡ ಅನ್ನುತ್ತಾರೆ?

ಮುಯ್ಯಿ ಎಂದರೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಇವತ್ತು ನಿಮ್ಮ ಹೊಲದ ಕಳೆ ನಾನು ಕಿತ್ತರೆ ನಾಳೆ ನನ್ನ ಹೊಲಕ್ಕೆ ನೀವು. ಕೂಲಿಯ ಮಾತಿಲ್ಲ, ಬರೆದಿಡುವುದಿಲ್ಲ. ಮರೆತವರನ್ನು ಯಾರೂ ಬೈಯುವುದೂ ಇಲ್ಲ. ಮುಂದಿನ ಸಲ ಅವರ ಹೊಲದಲ್ಲಿ ಅವರೊಬ್ಬರೇ ಇರುತ್ತಾರೆ, ಅಷ್ಟೆ.

ಅಕ್ಕನ ಊರಿನವರು ಬಂದರು. ಬಂದರು ಎಂದರೆ ಊರಿಗೆ ಊರೇ ಬಂತು. ಗಾಡಿಗಳಲ್ಲಿ ಹಾರೆ, ಗುದ್ದಲಿ, ಹಗ್ಗ, ಅವುಗಳ ಮಧ್ಯೆ ಡೊಳ್ಳು. ಡೊಳ್ಳು ಯಾಕೆ ತಂದರು ಎಂದು ನಮ್ಮ ಹುಡುಗರು ನಕ್ಕರು. ಚಪ್ಪಡಿ ಎಳೆಯುವಾಗ ಗೊತ್ತಾಯಿತು. ಮಾವ ಡೊಳ್ಳಿಗೆ ಒಂದು ಪೆಟ್ಟು ಕೊಟ್ಟರೆ ಹಗ್ಗ ಹಿಡಿದವರೆಲ್ಲ ಒಂದು ಎಳೆತ ಎಳೆಯುತ್ತಿದ್ದರು. ಪೆಟ್ಟು ಜೋರಾದಂತೆ ಎಳೆತವೂ ಜೋರಾಗುತ್ತಿತ್ತು. ಹೆಂಗಸರು ಸಾಲಾಗಿ ನಿಂತು ಮಣ್ಣಿನ ಪುಟ್ಟಿ ಕೈಯಿಂದ ಕೈಗೆ ದಾಟಿಸುತ್ತ ಹಾಡುತ್ತಿದ್ದರು. ನನಗಂತೂ ಕೆಲಸ ಕೆಲಸ ಅನ್ನಿಸಲೇ ಇಲ್ಲ. ಹೊರಕೆರೆದೇವಪುರದ ಕಡೆಯಿಂದ ಬಂದಿದ್ದ ಮೇಸ್ತ್ರಿ, “ಇಂಥಾ ಜನ ಇದ್ರೆ ನಾನು ಸುಮ್ಕೆ ಕುಂತ್ಕಂಡು ಬೀಡಿ ಸೇದಬೌದು” ಎಂದ. ಹಾಗೇ ಮಾಡಿದ ಕೂಡ.

ಆ ಸಾಲಿನಲ್ಲಿ ಅಕ್ಕನೂ ಇದ್ದಳು, ಮಗುವನ್ನು ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸಿ, ಸೆರಗು ಸೊಂಟಕ್ಕೆ ಸಿಗಿಸಿ. ಹುಟ್ಟಿ ಬೆಳೆದ ಊರಿಗೆ ಬೇರೆ ಊರಿನ ಮುಯ್ಯಾಳಾಗಿ ಬಂದಿದ್ದು ಅವಳಿಗೆ ದೊಡ್ಡ ತಮಾಷೆ. “ನಿಮ್ಮೂರ ಮಣ್ಣು ಭಾರಿ ಗಟ್ಟಿ ಕಣವ್ವ, ನಿಮ್ಮೂರೋರ ತಲೆ ಇದ್ದಂಗೆ” ಎಂದು ನನ್ನನ್ನು ಕಾಡುತ್ತಿದ್ದಳು. ಮಾತು ಮಾತಿಗೂ ‘ನಿಮ್ಮೂರು’.

ಊಟದ ಹೊತ್ತಿಗೆ ಅವಳ ಆಟ ಇನ್ನೂ ಜೋರು. ಮುಯ್ಯಾಳು ಉಂಡು ಏಳುವ ತನಕ ಆತಿಥ್ಯ ಮಾಡುವವರು ತುತ್ತು ಮುಟ್ಟಬಾರದು. ನಮ್ಮ ಕಡೆಯ ಪದ್ಧತಿ ಅದು. ಊರು ಊರಿಗೇ ಮುಯ್ಯಿ ಬಂದರೆ ಊರು ಊರೇ ಕಾಯಬೇಕು. ನಾನು ಬೆಳಗ್ಗೆಯಿಂದ ಒಲೆ ಮುಂದೆ ಬೆಂದು, ಹಸಿವಿನಿಂದ ಕಣ್ಣು ಕತ್ತಲಾಗಿ ನಿಂತಿರುತ್ತಿದ್ದೆ. ಅಕ್ಕ ಮುತ್ತುಗದೆಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಮುದ್ದೆಯನ್ನು ಕಡಲೆಕಾಳಿನಷ್ಟು ಕಡಲೆಕಾಳಿನಷ್ಟು ಮುರಿದು, ಸಾರಿಗೆ ಅದ್ದಿ, ನನ್ನ ಮುಖ ನೋಡಿಕೊಂಡು ನುಂಗುತ್ತಿದ್ದಳು. “ಇನ್ನೊಂದು ಮುದ್ದೆ ಹಾಕ್ರವ್ವ ನಿಮ್ಮೂರೋರು, ಕೈ ಗಿಡ್ಡ ಮಾಡಬ್ಯಾಡ್ರಿ.” ನಾನು ಅವಳಿಗಷ್ಟೇ ಕೇಳುವಂತೆ ಬೈದೆ. ಅವಳು ಇನ್ನೂ ನಿಧಾನ ಮಾಡಿದಳು.

ರಂಗಮಂದಿರ ಎದ್ದು ನಿಂತಿತು. ಸುಣ್ಣ ಬಳಿದು, ಮಾವಿನ ತೋರಣ ಕಟ್ಟಿ, ಚಿತ್ರದುರ್ಗದಿಂದ ಸಾಹೇಬರನ್ನು ಕರೆಸಿದರು. ಛೇರ್ಮನ್ನರು “ಕೈ ಕೆಸರಾದರೆ ಬಾಯಿ ಮೊಸರು” ಎಂದು ಭಾಷಣ ಮಾಡಿದರು. ಅವರ ಕೈ ಕೆಸರಾದದ್ದನ್ನು ನಾನಂತೂ ನೋಡಿರಲಿಲ್ಲ. ಅಕ್ಕನ ಊರಿನ ಮೇಳಕ್ಕೆ, ಸಾಹೇಬರು ಜೀಪಿನಿಂದ ಇಳಿದು ಕುರ್ಚಿಗೆ ಬರುವಷ್ಟು ಹೊತ್ತು ಡೊಳ್ಳು ಹೊಡೆಯಲು ಹೇಳಿದರು. ಅವರು ಅಷ್ಟೇ ಹೊಡೆದು ನಿಲ್ಲಿಸಿದರು. ಆಮೇಲೆ ನಮ್ಮ ನಾಟಕ.

ಭಾಷಣಗಳ ಮಧ್ಯೆ ಅಕ್ಕನ ಮಾವ ಗೋಡೆಯ ಕಲ್ಲಿನ ಮುಂದೆ ನಿಂತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. “ಏನ್ ಬರೆದವ್ರೆ ಓದವ್ವ” ಎಂದು ನನ್ನನ್ನು ಕರೆದರು. ನಾನು ರಾಗವಾಗಿ ಓದಿದೆ. ಕೊನೆಯ ಸಾಲಿಗೆ ಬಂದಾಗ ಅವರು ತಡೆದರು.

“ಏನಂತೆ?”

“ಶ್ರಮದಾನ ಮಾವ. ಅಂದ್ರೆ ನೀವೆಲ್ಲ ಬಂದು ದುಡಿದ್ರಲ್ಲ, ಅದು.”

“ದಾನನಾ?” ಅವರು ಕಲ್ಲಿನ ಮೇಲೆ ಬೆರಳಾಡಿಸಿದರು. “ದಾನ ಕೊಡಾಕೆ ನಾವೇನು ದಣಿಗಳಾ? ಇಸ್ಕಳಾಕೆ ನೀವೇನು ಭಿಕ್ಷುಕರಾ? ಮುಯ್ಯಿ ಅಂತ ಬರಿಬೇಕಿತ್ತು.”

“ಅದು ಸರ್ಕಾರದ ಮಾತು ಬಿಡ್ರಿ ಮಾವ, ಹಂಗೇ ಬರೆಯೋದು” ಎಂದು ನಾನು ದೊಡ್ಡ ತಿಳಿದವಳಂತೆ ಹೇಳಿದೆ. ಅವರು “ಹಂಗಾ” ಎಂದು ಕಂಬಳಿ ಸರಿ ಮಾಡಿಕೊಂಡು ಹೋದರು. ಆ ಪದದ ಒಳಗೆ ಏನಿದೆ ಎಂದು ಅವರಿಗೆ ಅವತ್ತೇ ವಾಸನೆ ಹತ್ತಿತ್ತೋ ಏನೋ. ನನಗೆ ಹತ್ತಿರಲಿಲ್ಲ.

ಮರು ವರ್ಷ ಅಕ್ಕನ ಊರಿನ ರಂಗಮಂದಿರಕ್ಕೆ ಸಿಮೆಂಟು ಬಂದಿಳಿಯಿತು. ಅವರು ದಿನ ಗೊತ್ತು ಮಾಡಿ ಎಲೆ ಅಡಿಕೆ ಕಳಿಸಿದರು. ಅಪ್ಪ ಊರನ್ನು ಸೇರಿಸಿದ. ಸೇರಿದ್ದು ಎಲ್ಲಿ ಎಂದರೆ ಅವರೇ ಕಟ್ಟಿಕೊಟ್ಟ ಸ್ಟೇಜಿನ ಮೇಲೆ. ಅಪ್ಪ ಎಲೆ ಅಡಿಕೆಯ ತಟ್ಟೆಯನ್ನು ಮಧ್ಯೆ ಇಟ್ಟು, ಮನೆಗೊಂದಾಳು ಎಂದ.

ಮೊದಲು ಕೆಮ್ಮು. ಆಮೇಲೆ ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಎತ್ತಿಗೆ ಕಾಲುನೋವು, ಇನ್ನೊಬ್ಬನಿಗೆ ಮಾರಿಕಣಿವೆಯಲ್ಲಿ ನೆಂಟರ ಮನೆಯ ಕೆಲಸ. ನಾಟಕದವರಿಗೆ ಪ್ರಾಕ್ಟೀಸು, ಹಾರ್ಮೋನಿಯಂ ಮೇಷ್ಟ್ರು ಬಂದು ಕುಳಿತಿದ್ದಾರೆ, ಹೊಸ ಸ್ಟೇಜಿಗೆ ಹೊಸ ನಾಟಕ ಬೇಡವೇ? ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, “ಮಾತು ಕೊಟ್ಟೀವಿ ಕಣ್ರಪ್ಪ” ಎಂದಷ್ಟೇ ಹೇಳಿದ.

ಆಗ ಎದ್ದವನು ರಾಜಪಾರ್ಟಿನವನು. ದನಿ ಮೊದಲೇ ದೊಡ್ಡದು, ಮೇಲೆ ತಗಡು ಬೇರೆ. “ಅಣ್ಣಾ, ಅಲ್ಲಿ ಗೋಡಿ ಮ್ಯಾಲೆ ಏನ್ ಕೆತ್ತವ್ರೆ ನೋಡು. ಶ್ರಮದಾನ! ದಾನ ಕೊಟ್ಟಿದ್ದಕ್ಕೆ ಯಾರಾದ್ರೂ ಮುಯ್ಯಿ ಕೇಳ್ತಾರೇನೋ? ಕೊಟ್ರು, ಪುಣ್ಯ ಕಟ್ಕಂಡ್ರು, ಮುಗೀತು. ನಾವು ಹೋಗಿ ತೀರಿಸಿದ್ರೆ ಅವ್ರ ಪುಣ್ಯ ಕಳೆದಂಗಲ್ವಾ?”

ನಗು ಎದ್ದಿತು. ಅದು ತಮಾಷೆಗೆ ಎದ್ದ ನಗುವಲ್ಲ, ತಪ್ಪಿಸಿಕೊಳ್ಳಲು ಬಾಗಿಲು ಸಿಕ್ಕಿತಲ್ಲ ಎನ್ನುವ ನಗು. ಸೊಂಟ ನೋವಿನವನೂ ಸೊಂಟ ಬಗ್ಗಿಸಿ ನಕ್ಕ. ಹೌದಲ್ಲ, ಕಲ್ಲಿನಲ್ಲೇ ಬರೆದಿದೆಯಲ್ಲ, ಸರ್ಕಾರವೇ ಬರೆಸಿದೆಯಲ್ಲ. ಸರ್ಕಾರಿ ಕೆಲಸಕ್ಕೆ ಎಲ್ಲಿಯ ಮುಯ್ಯಿ? ಛೇರ್ಮನ್ನರೂ, “ಕಾನೂನು ಪ್ರಕಾರ ನೋಡಿದ್ರೆ ಅದೂ ಒಂದು ಪಾಯಿಂಟೇ” ಎಂದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. ಒಂದು ಊರಿಗೆ ಊರೇ ಈರಭದ್ರನ ವೇಷ ಕಟ್ಟಿದ್ದನ್ನು ಅವತ್ತೇ ನೋಡಿದ್ದು. ಅಪ್ಪ ತಟ್ಟೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದ. ಆ ಎಲೆ ಅಡಿಕೆಯನ್ನು ಯಾರೂ ಮುಟ್ಟಲಿಲ್ಲ.

ಗೊತ್ತು ಮಾಡಿದ ದಿನ ಬೆಳಗ್ಗೆ ಅಪ್ಪ ಗಾಡಿ ಕಟ್ಟಿದ. ಇಡೀ ಊರು ಬಂದರೆ ಬೇಕಾಗುವಷ್ಟು ಹಾರೆ, ಗುದ್ದಲಿ, ಪುಟ್ಟಿಗಳನ್ನು ಗಾಡಿಗೆ ತುಂಬಿದ. ಮನೆ ಮನೆ ಮುಂದೆ ಗಾಡಿ ನಿಲ್ಲಿಸಿ ಕೂಗಿದ. “ನೀವು ಮುಂದೆ ಹೋಗಿರ್ರಿ, ಹಿಂದೇ ಬತ್ತೀವಿ” ಎಂದು ಒಳಗಿನಿಂದಲೇ ದನಿ ಬಂತು. ಹೆಚ್ಚಿನವರು ಹೊಸ್ತಿಲು ದಾಟಿ ಮುಖ ತೋರಿಸಲೂ ಇಲ್ಲ. ಅವ್ವ ಬರಲಿಲ್ಲ, ಬೀಗರಿಗೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎಂದು ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಗಾಡಿಯಲ್ಲಿ ಉಳಿದದ್ದು ಅಪ್ಪ ಮತ್ತು ನಾನು. ಹಳ್ಳ ದಾಟುವಾಗ ಖಾಲಿ ಪುಟ್ಟಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ನಾನು ಅವನ್ನು ಕಾಲಿನಿಂದ ಒತ್ತಿ ಹಿಡಿದುಕೊಂಡೆ.

ನಮ್ಮ ಗಾಡಿ ಕಂಡದ್ದೇ ಅಕ್ಕನ ಊರಿನಲ್ಲಿ ಡೊಳ್ಳು ಶುರುವಾಯಿತು. ನಮ್ಮನ್ನು ಎದುರುಗೊಳ್ಳಲು ಮೇಳ ಕಟ್ಟಿಕೊಂಡು ಊರ ಮುಂದಕ್ಕೆ ಬಂದಿದ್ದರು. ಒಂದು ಗಾಡಿಯ ಹಿಂದೆ ಇನ್ನೊಂದು ಬರುತ್ತದೆ ಎಂದು ಹೊಡೆದೇ ಹೊಡೆದರು. ಬರಲಿಲ್ಲ. ಡೊಳ್ಳು ನಿಂತಿತು. ಅಕ್ಕ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಓಡಿ ಬಂದಳು. ನನ್ನನ್ನು ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ, ಗಾಡಿಯ ಹಿಂದಿನ ದಾರಿಯನ್ನು ನೋಡಿದಳು.

“ಉಳಿದೋರು ಎಲ್ಲಪ್ಪ?”

“ಬತ್ತಾರೆ. ಹಿಂದೆ ಬತ್ತಾ ಅವ್ರೆ” ಎಂದ ಅಪ್ಪ.

ಅಪ್ಪನ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದು. ಪೂರ್ತಿ ಸುಳ್ಳೂ ಅಲ್ಲ. ಮನೆ ಮನೆಯಲ್ಲೂ ಹಾಗೇ ಹೇಳಿದ್ದರಲ್ಲ. ಆದರೆ ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅಕ್ಕನಿಗೆ ಅವನ ಮುಖ ನೋಡಿದ ಮೇಲೆ ಗೊತ್ತಾಗಿರಬೇಕು.

ನಾವು ಕೆಲಸಕ್ಕೆ ನಿಂತೆವು. ಅವರು ಪಾಯ ತೋಡುವಾಗ ಅಪ್ಪ ಎಲ್ಲರಿಗಿಂತ ಮುಂದೆ. ಯಾರಾದರೂ ಮಾತಾಡಿಸಿಯಾರು ಎಂಬ ಹೆದರಿಕೆಗೆ ತಲೆ ಎತ್ತದೆ ಅಗೆದ. ಹೆಂಗಸರ ಸಾಲಿನಲ್ಲಿ ಪುಟ್ಟಿ ನನ್ನ ಕೈಗೆ ಬರುವಾಗ ಹಾಡು ಒಂದು ಗಳಿಗೆ ತಗ್ಗಿದಂತೆ ನನಗೆ ಅನ್ನಿಸುತ್ತಿತ್ತು. ಒಬ್ಬಳಾದರೂ ಚುಚ್ಚಿ ಮಾತಾಡಿದ್ದರೆ ನಾನೂ ಎರಡು ಅಂದು ಹಗುರಾಗುತ್ತಿದ್ದೆ.

ಹೊತ್ತು ನೆತ್ತಿಗೆ ಬಂತು. ಊಟಕ್ಕೆ ಕರೆದರು. ಹುಣಸೆಮರದ ಕೆಳಗೆ ಹೋಗಿ ನೋಡಿದರೆ ನನ್ನ ಕಾಲು ಅಲ್ಲೇ ನಿಂತವು. ನೆರಳು ಇರುವ ತನಕ ಸಾಲು ಸಾಲು ಮುತ್ತುಗದೆಲೆ ಹಾಕಿದ್ದರು. ಪ್ರತಿ ಎಲೆಯ ಮೇಲೂ ಒಂದು ಚಿಟಿಕೆ ಉಪ್ಪು, ಪಕ್ಕದಲ್ಲಿ ನೀರಿನ ಲೋಟ. ಲೋಟಗಳು ಒಂದೊಂದು ಒಂದೊಂದು ತರ. ಇಡೀ ಊರಿನ ಮನೆಗಳಿಂದ ತಂದಿದ್ದರು. ದೊಡ್ಡ ಹಂಡೆಯಲ್ಲಿ ಹುರುಳಿಕಾಳಿನ ಸಾರು. ಈಚಲ ಚಾಪೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿದ ಮುದ್ದೆಗಳ ರಾಶಿ. ನಮ್ಮೂರಿನ ಮನೆಗೊಂದಾಳಿಗೆ ಆಗುವಷ್ಟು ಅಡಿಗೆ ಅದು.

ಅಪ್ಪನನ್ನೂ ನನ್ನನ್ನೂ ಮೊದಲ ಸಾಲಿನಲ್ಲಿ ಕೂರಿಸಿದರು. ಉಳಿದ ಎಲೆಗಳೆಲ್ಲ ಖಾಲಿ. ಗಾಳಿ ಬಂದಾಗ ಎಲೆ ಏಳುತ್ತಿದ್ದವು. ಹುಡುಗರು ಓಡಿ ಹೋಗಿ ಕಲ್ಲು ಇಡುತ್ತಿದ್ದರು. ಊರಿನವರು ಸುತ್ತ ನಿಂತಿದ್ದರು. ಬಡಿಸುವವರೂ ನಿಂತೇ ಇದ್ದರು.

“ಉಳಿದೋರೂ ಬರ್ಲಿ ಬೀಗ್ರೆ, ಒಟ್ಟಿಗೇ ಬಡಿಸಾಣ” ಎಂದರು ಅಕ್ಕನ ಮಾವ. ಅವರು ಚುಚ್ಚಿ ಹೇಳಲಿಲ್ಲ. ಅಪ್ಪನ ಮಾತನ್ನು ನಂಬಿಯೇ ಹೇಳಿದರು. ನಂಬದಿದ್ದರೂ ನಂಬಿದವರಂತೆ ಹೇಳುವಷ್ಟು ದೊಡ್ಡತನ ಅವರಿಗಿತ್ತು.

ಕಾದೆವು. ಮುದ್ದೆಯ ಮೇಲಿನ ಹಬೆ ನಿಂತಿತು. ಬೆಳಗ್ಗೆಯಿಂದ ಮಣ್ಣು ಹೊತ್ತ ಗಂಡಸರು ಮರಕ್ಕೆ ಒರಗಿಕೊಂಡರು. ಮುಯ್ಯಾಳು ಉಣ್ಣದೆ ಅವರು ಉಣ್ಣುವಂತಿಲ್ಲ. ಒಂದು ಮಗು ಮುದ್ದೆಗೆ ಕೈ ಚಾಚಿ ಅಳತೊಡಗಿತು. ಅದರ ತಾಯಿ ಕೈಮೇಲೆ ಮೆಲ್ಲಗೆ ಹೊಡೆದು, “ನೆಂಟ್ರು ಉಣ್ಲಿ ತಡಿಯೋ” ಎಂದಳು. ಹಿಂದಿನ ವರ್ಷ ನಾನು ಹಸಿದು ಅಕ್ಕನನ್ನು ಬೈದದ್ದು ನೆನಪಾಯಿತು. ಒಂದು ಮಾತು ಸಾಕಿತ್ತು: ಯಾರೂ ಬರುವುದಿಲ್ಲ ಎಂದು. ಅದನ್ನು ಹೇಳುವ ತನಕ ಒಂದು ಊರು ನಮ್ಮಿಂದಾಗಿ ಹಸಿದು ನಿಂತಿರಬೇಕು. ಅಪ್ಪ ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತ ಕುಳಿತ. ಜೋರು ಬಾಯಿಯವಳು ನಾನೂ ಅದನ್ನು ಹೇಳಲಿಲ್ಲ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ. ನಾನು ನಿಜವಾಗಿಯೂ ನೆಲ ನೋಡಿಕೊಂಡು ಅದನ್ನೇ ಬೇಡುತ್ತಿದ್ದೆ.

ಅಕ್ಕ ಮಗುವನ್ನು ಯಾರದೋ ಕೈಗೆ ಕೊಟ್ಟಳು. ಹಂಡೆಯ ಹತ್ತಿರ ಹೋಗಿ ಸೌಟು ಎತ್ತಿಕೊಂಡಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ನಮ್ಮೂರೋರು ಯಾರೂ ಬರಲ್ಲ. ಬಡಿಸ್ರಿ.”

ಮದುವೆಯಾದಾಗಿಂದ, ತಮಾಷೆಗಾದರೂ, ನಿಮ್ಮೂರು ನಿಮ್ಮೂರು ಎನ್ನುತ್ತಿದ್ದವಳು ಅವಳು. ಅವತ್ತು ಬೇಕಿದ್ದರೆ ‘ಅವರೂರೋರು’ ಎನ್ನಬಹುದಿತ್ತು, ಗಂಡನ ಊರಿನ ಕಡೆ ನಿಂತು ನಮ್ಮನ್ನು ಬೈಯಬಹುದಿತ್ತು, ಅವಳಿಗೆ ಹಕ್ಕಿತ್ತು. ನಮ್ಮೂರೋರು ಎಂದಳು. ನನಗೆ ಅಳು ಬಂತು, ಅಳಲಿಕ್ಕೂ ನಾಚಿಕೆಯಾಯಿತು.

ಯಾರೋ ಹೆಂಗಸು ಖಾಲಿ ಎಲೆಗಳನ್ನು ಎತ್ತಲು ಬಗ್ಗಿದಳು. ಅಕ್ಕನ ಮಾವ ತಡೆದರು. “ಹಾಕಿದ ಎಲೆ ಎತ್ತಬಾರ್ದು. ಲೇ ಹುಡುಗ್ರಾ, ಬರ್ರೋ, ಕುಂತ್ಕಳ್ರಿ. ಇವತ್ತು ನೀವೇ ಅವರೂರೋರು.”

ಅರ್ಧ ಊರು ನಮ್ಮೂರವರ ಎಲೆಗಳ ಮುಂದೆ ಕುಳಿತಿತು. ಉಳಿದರ್ಧ ಬಡಿಸಿತು. ವಾತಾವರಣ ಹಗುರಾಗಲಿ ಎಂದು ಒಂದಿಬ್ಬರು ನಮ್ಮೂರಿನ ರಾಜಪಾರ್ಟಿನವನ ದನಿಯಲ್ಲಿ “ಯಾರಲ್ಲಿ, ಸಾರು ತನ್ನಿ” ಎಂದು ಅಣಕಿಸಿದರು. ಜನ ನಕ್ಕರು. ಒಬ್ಬ ಪುಟ್ಟ ಹುಡುಗ ಮಾತ್ರ ಎಲೆಯ ಮುಂದೆ ಕೂರಲು ಒಪ್ಪಲೇ ಇಲ್ಲ. ಅವನಮ್ಮ ಕೈಹಿಡಿದು ಎಳೆದರೆ ಕಾಲು ಊರಿ ನಿಂತು, “ನಾನು ಅವರೂರೋನಾಗಲ್ಲ” ಎಂದು ಕೂಗಿದ. ಅವನ ಬಾಯಿ ಮುಚ್ಚಿಸಿದರು. ಅಪ್ಪನಿಗೆ ಕೇಳಿಸಿತ್ತು. ಅಪ್ಪ ಮುದ್ದೆ ಮುರಿದು ಬಾಯಿಗಿಟ್ಟು ತುಂಬಾ ಹೊತ್ತು ಹಾಗೇ ಇಟ್ಟುಕೊಂಡಿದ್ದ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅವನಿಗೆ ನುಂಗಲಾಗಲಿಲ್ಲ.

ಆ ರಂಗಮಂದಿರ ಮುಗಿಯುವ ತನಕ ಅಪ್ಪ ದಿನವೂ ಹೋದ. ಒಮ್ಮೊಮ್ಮೆ ನಾನೂ ಹೋದೆ. ಅಕ್ಕನ ಮಾವ ಊಟದ ಹೊತ್ತಿಗೆ ಪ್ರತಿ ದಿನ ಅಪ್ಪನನ್ನೇ ಮೊದಲ ಎಲೆಗೆ ಕೂರಿಸುತ್ತಿದ್ದರು. ಅಪ್ಪ ಆಮೇಲೆ ಪಂಚಾಯ್ತಿಗೆ ನಿಲ್ಲಲಿಲ್ಲ. ನಮ್ಮೂರಲ್ಲಿ ನಾಟಕವಾದರೆ ಹಾರ್ಮೋನಿಯಂ ದನಿ ಮನೆಯ ತನಕ ಬರುತ್ತಿತ್ತು. ಅವನು ಎದ್ದು ಕುರಿರೊಪ್ಪದ ಕಡೆ ಹೋಗಿಬಿಡುತ್ತಿದ್ದ.

ಅಕ್ಕನ ಊರಿನ ರಂಗಮಂದಿರಕ್ಕೂ ಒಂದು ಕಲ್ಲು ಹಾಕಿದರು. ಅದರ ಮೇಲೆ ಹೆಸರುಗಳು ಕಡಿಮೆ. ‘ಎರಡೂ ಊರವರ ಮುಯ್ಯಿಯಿಂದ’ ಎಂದು ದಪ್ಪಕ್ಷರದಲ್ಲಿ ಕೆತ್ತಿಸಿ, ಕೆಳಗೆ ಅವರೂರಿನ ಹೆಸರಿಗಿಂತ ಮೊದಲು ನಮ್ಮೂರಿನ ಹೆಸರು. ಮೊದಲ ಸಲ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಮುಯ್ಯಿ ಎಂದರೆ ಸೇಡು ಎಂದೂ ಅರ್ಥವಿದೆಯಲ್ಲ. ಕಲ್ಲಿನಲ್ಲೇ ಹೊಡೆದರು, ಅಳಿಸುವ ಹಾಗೂ ಇಲ್ಲ, ಬೈಯುವ ಹಾಗೂ ಇಲ್ಲ ಎಂದುಕೊಂಡೆ. ನಮ್ಮೂರಿನವರಿಗೆ ಹಾಗೇನೂ ಅನ್ನಿಸಲಿಲ್ಲ. ರಾಜಪಾರ್ಟಿನವನು ಹೊಸದುರ್ಗದಿಂದ ಬಂದ ಯಾರಿಗೋ ಆ ಕಲ್ಲು ತೋರಿಸಿ, “ನೋಡ್ರಿ ಸಾರ್, ಇಲ್ಲೂ ನಮ್ದೇ ಹೆಸರು ಐತೆ” ಎಂದು ಎದೆಯುಬ್ಬಿಸಿ ಹೇಳಿದನಂತೆ.

ಕೆಲವು ವರ್ಷಗಳ ಮೇಲೆ, ನನ್ನನ್ನು ಹೊಳಲ್ಕೆರೆಯ ಕಡೆಗೆ ಕೊಟ್ಟ ನಂತರ, ಒಮ್ಮೆ ಅಕ್ಕನ ಮನೆಗೆ ಹೋಗಿದ್ದೆ. ರಂಗಮಂದಿರದ ಕಟ್ಟೆಯ ಮೇಲೆ ಹುರುಳಿ ಒಣಗಿಸಿದ್ದಳು. ನಾನೂ ಅವಳೂ ಕುಳಿತು ಕೇರುತ್ತಿದ್ದೆವು. ತಡೆಯಲಾರದೆ ಕೇಳಿಯೇಬಿಟ್ಟೆ: “ಈ ಕಲ್ಲಿನ ಮೇಲೆ ಹಿಂಗೆ ಬರೆಸಿದ್ದು ನಿಮ್ಮ ಮಾವನಾ? ನಮ್ಮನ್ನ ಹಂಗಿಸಾಕಾ?”

ಅಕ್ಕ ಮೊರ ನಿಲ್ಲಿಸಲಿಲ್ಲ. “ನಾನು ಕಾಲು ಹಿಡ್ಕಂಡು ಬರೆಸಿದ್ದು” ಎಂದಳು. “ನನ್ನ ಮಗ ನಾಳೆ ಓದಾಕೆ ಕಲೀತಾನೆ. ಅವರಮ್ಮನ ಊರು ಹಿಂಗಂತೆ ಅಂತ ಬ್ಯಾರೇರ ಬಾಯಾಗೆ ಕೇಳಬಾರ್ದು.”

ನಮ್ಮ ಊರಿನ ನಾಚಿಕೆಯನ್ನು ನಾನು ತಿಪ್ಪೆಯ ಸಂದಿಯಲ್ಲಿ ಸುತ್ತಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ದಿನಾ ಆ ಕಲ್ಲಿನ ಮುಂದೆಯೇ ನೀರು ಹೊರುತ್ತಿದ್ದಳು.

ಅಷ್ಟರಲ್ಲಿ ಅವಳ ಮಗ ಸ್ಲೇಟು ಹಿಡಿದುಕೊಂಡು ಸ್ಕೂಲಿನಿಂದ ಬಂದ. ಹೊಸದಾಗಿ ಅಕ್ಷರ ಕೂಡಿಸಲು ಕಲಿತಿದ್ದ. ಚಿಕ್ಕಮ್ಮನಿಗೆ ತೋರಿಸಬೇಕೆಂದು ಕಲ್ಲಿನ ಮೇಲೆ ಬೆರಳಿಟ್ಟು, ತಡೆ ತಡೆದು, ಮು, ಯ್ಯಿ, ಎಂದು ಪೂರ್ತಿ ಓದಿದ. ಅಮ್ಮನ ತವರೂರಿನ ಹೆಸರು ಬಂದಾಗ ಖುಷಿಯಿಂದ ಎರಡು ಸಲ ಓದಿದ. ಆಮೇಲೆ ನನ್ನ ಕಡೆ ತಿರುಗಿದ.

“ಚಿಕ್ಕಮ್ಮ, ನಿಮ್ಮೂರಿಂದ ಯಾರ್ ಯಾರು ಬಂದಿದ್ರು?”

ಅಕ್ಕನ ಮೊರ ನಿಂತಿತು. ಅವಳು ನನ್ನ ಮುಖ ನೋಡುತ್ತಿದ್ದಳು.

“ಎಲ್ಲಾರೂ ಬಂದಿದ್ರು ಕಣಪ್ಪ” ಎಂದೆ.

ಅಕ್ಕ ಹುರುಳಿಯಲ್ಲಿ ಕಲ್ಲು ಹುಡುಕುವವಳಂತೆ ತಲೆ ಬಗ್ಗಿಸಿದಳು.